ಹೆಸರಿಲ್ಲದ ಎಣಿಕೆ

ನಮ್ಮೂರಿನಲ್ಲಿ ಮದುವೆಯ ಕರೆಯೋಲೆಗೆ ಬಿಟ್ಟರೆ ಬೇರೆ ಯಾವುದಕ್ಕೂ ಹೆಸರು ಬರೆಯುವುದಿಲ್ಲ. ಊರಿನಲ್ಲಿರುವವರ ಹೆಸರನ್ನು ಬರೆದಿಟ್ಟರೆ ಅದು ಸಂಜೆ ಆರಕ್ಕೆ, ಮನೆಮನೆಯಲ್ಲಿ ದೀಪ ಹಚ್ಚುವ ಹೊತ್ತಿಗೆ, ತನ್ನ ಜೊತೆ ಬರೆದದ್ದನ್ನೆಲ್ಲ ಗಟ್ಟಿಯಾಗಿ ಹೇಳಿಬಿಡುತ್ತದೆ. ಅದೂ ಆ ಹೆಸರಿನವರದೇ ದನಿಯಲ್ಲಿ. ಕರೆಯೋಲೆಗೆ ಇದು ಅನುಕೂಲವೇ. ಬಾಗಿಲಿಗೆ ಅಂಟಿಸಿ ಕೂತರೆ ಮದುಮಕ್ಕಳು ತಾವೇ ಓಣಿಗೆಲ್ಲ ಕೂಗಿ ಕರೆದಂತಾಗುತ್ತದೆ. ಉಳಿದ ವಿಷಯದಲ್ಲಿ ಎಲ್ಲರೂ ಹುಷಾರು. ಆಸ್ಪತ್ರೆಯ ನರ್ಸಮ್ಮ ಔಷಧದ ಬಾಟಲಿಗೆ ಬಣ್ಣದ ದಾರ ಕಟ್ಟುತ್ತಾಳೆ, ಯಾರ ದಾರ ಯಾವುದೆಂಬುದು ಅವಳ ತಲೆಯಲ್ಲಿರುತ್ತದೆ. ಮಾಸ್ತರರು ಮುಖ ನೋಡಿಯೇ ಹಾಜರಿ ತೆಗೆದುಕೊಳ್ಳುತ್ತಾರೆ. ಫೋನಿನಲ್ಲಿ ಹೆಸರಿನ ಜಾಗದಲ್ಲಿ ಚಿತ್ರ ಹಾಕುತ್ತಾರೆ, ತಮ್ಮನಿಗೆ ಬದನೆಕಾಯಿ, ಅತ್ತೆಗೆ ಹುಲಿ. ಪ್ರೇಮಪತ್ರಗಳು "ನಿನಗೆ" ಎಂದು ಶುರುವಾಗಿ "ನಾನು" ಎಂದು ಮುಗಿಯುತ್ತವೆ. ಅವು ಯಾರದೋ ಕೈಗೆ ಸಿಕ್ಕು ಎರಡು ಮದುವೆ ಅದಲುಬದಲಾಗಿ ನಡೆದವು. ಎರಡೂ ಸಂಸಾರ ಚೆನ್ನಾಗಿಯೇ ಇವೆ.

ಇಂಥ ಊರಿನ ಗ್ರಂಥಾಲಯವನ್ನು ಇಪ್ಪತ್ತಾರು ವರ್ಷದಿಂದ ನೋಡಿಕೊಂಡು ಬಂದವಳು ನಾನು. ನನ್ನ ಹೆಸರು ಕುಸುಮಾವತಿ, ಊರಿಗೆಲ್ಲ ಅಕ್ಕೋರು. ಯಾರು ಯಾವ ಪುಸ್ತಕ ಒಯ್ದರೆಂಬುದು ನನ್ನ ನೆನಪಿನಲ್ಲೇ ಇರುತ್ತಿತ್ತು, ಪುಸ್ತಕ ಮರಳಿ ಬಂದ ದಿನ ಆ ನೆನಪನ್ನೂ ಬಿಟ್ಟುಬಿಡುತ್ತಿದ್ದೆ. ಜಿಲ್ಲಾ ಕಚೇರಿಗೆ ತಿಂಗಳಿಗೊಂದು ವರದಿ ಕಳಿಸಬೇಕಿತ್ತು. "ಬಹಳ ಮಂದಿ ಬರುತ್ತಾರೆ, ಬಹಳ ಓದುತ್ತಾರೆ" ಎಂದು ಬರೆದು ಕಳಿಸುತ್ತಿದ್ದೆ. ಹಿಂದಿನ ಅಧಿಕಾರಿಗಳು ಅದನ್ನೇ ಫೈಲಿಗೆ ಸೇರಿಸಿ ಸುಮ್ಮನಾಗುತ್ತಿದ್ದರು. ಹೊಸದಾಗಿ ಬಂದ ಪ್ರಾಣೇಶರಾಯರು ಸುಮ್ಮನಾಗಲಿಲ್ಲ. "ಬಹಳ ಎಂದರೆ ಎಷ್ಟು? ಯಾರು? ಏನು ಓದುತ್ತಾರೆ? ಆರು ತಿಂಗಳಲ್ಲಿ ಸರಿಯಾದ ಅಂಕಿಅಂಶ ಬಾರದಿದ್ದರೆ ಗ್ರಂಥಾಲಯವನ್ನು ಮುಚ್ಚಿ ಪುಸ್ತಕಗಳನ್ನು ಜಿಲ್ಲಾ ಕೇಂದ್ರಕ್ಕೆ ಸಾಗಿಸಲಾಗುವುದು" ಎಂದು ಉತ್ತರ ಬಂತು.

ಉತ್ತರದ ಹಿಂದೆಯೇ ಜಿಲ್ಲಾ ಕಚೇರಿ ಕಳಿಸಿದ ದಿಲಶಾದ ಬಂದಳು. ನಲವತ್ತು ದಾಟಿದ ಹೆಂಗಸು, ಕಚೇರಿಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ಅವಳ ಕೆಲಸ. ಎರಡು ವಾರದಲ್ಲಿ ನಮ್ಮ ಗ್ರಂಥಾಲಯಕ್ಕೂ ಒಂದು ವೆಬ್‌ಸೈಟ್ ಎದ್ದು ನಿಂತಿತು. ಮನೆಯಲ್ಲಿ ಕೂತೇ ಪುಸ್ತಕ ಹುಡುಕಬಹುದು, ಲೇಖನ ಓದಬಹುದು, ಚಿತ್ರ ಒತ್ತಿದರೆ ಪಾಠ ಕೇಳಬಹುದು. ಒಳಗೆ ಹೋಗಲು ಮಾತ್ರ ಮೊದಲು ಹೆಸರು ಒತ್ತಬೇಕು. "ಹೆಸರು ಬ್ಯಾಡವಾ" ಎಂದೆ. "ಇದು ಕಾಗದ ಅಲ್ರಿ ಅಕ್ಕೋರ. ದೂರದ ಯಂತ್ರದಾಗ ಇರತೈತಿ, ನಿಮ್ಮೂರಿನ ಕಾಟ ಅಲ್ಲಿತನಕ ಮುಟ್ಟೂದಿಲ್ಲ" ಎಂದಳು. ಗ್ರಂಥಾಲಯ ಉಳಿದರೆ ಸಾಕು ಎಂದುಕೊಂಡು ಒಪ್ಪಿದೆ. ಬಂದವರಿಗೆಲ್ಲ ನಾನೇ ಹೇಳಿಕೊಟ್ಟೆ. ಒತ್ತಲು ಬಾರದವರ ಹೆಸರನ್ನು ನಾನೇ ಒತ್ತಿದೆ.

ಹಾಗೆ ಒತ್ತಿಸಿಕೊಂಡವರಲ್ಲಿ ನೀಲಗಂಗವ್ವನೂ ಒಬ್ಬಳು. ನೇಕಾರರ ಸಂಘದ ಅಧ್ಯಕ್ಷೆ. ಐವತ್ತೆಂಟು ವರ್ಷ, ಎತ್ತರದ ಆಳು, ಮಾತಾಡಿದರೆ ಮಗ್ಗ ನಿಲ್ಲಬೇಕು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಪತ್ರಿಕೆಯನ್ನು ಅಗಲವಾಗಿ ಬಿಡಿಸಿ, ಒಂದೊಂದೇ ಪುಟ ತಿರುವುತ್ತಿದ್ದಳು. ಹೋಗುವಾಗ "ಏನಂತೀರಿ ಅಕ್ಕೋರ, ಇವತ್ತಿನ ಸುದ್ದಿಗೆ?" ಎನ್ನುತ್ತಿದ್ದಳು. ನಾನು ಏನಾದರೂ ಹೇಳಿದರೆ, "ನಾನೂ ಹಂಗ ಅಂದ್ಕೊಂಡೆ ನೋಡ್ರಿ" ಎಂದು ಎದ್ದು ಹೋಗುತ್ತಿದ್ದಳು. ಅವತ್ತು ಒಳಗೆ ಹೋಗಲು ಹೆಸರು ಒತ್ತಲೇ ಎಂದು ಕೇಳಿದ್ದಕ್ಕೆ ಹೌದೆಂದು ಫೋನನ್ನು ನನ್ನ ಕೈಗೆ ಕೊಟ್ಟು, "ಕಣ್ಣಿನ ಚಾಳೀಸು ಮನಿಯಾಗ ಬಿಟ್ಟ ಬಂದೀನಿ, ನೀವ ಒತ್ತ್ರಿ" ಎಂದಳು.

ಇಪ್ಪತ್ತು ದಿನ ಏನೂ ಆಗಲಿಲ್ಲ. ಜನ ಹುಚ್ಚೆದ್ದು ಹುಡುಕಿದರು, ಓದಿದರು. ನನಗೂ ಧೈರ್ಯ ಬಂತು. ಇಪ್ಪತ್ತೊಂದನೆಯ ದಿನ ಮಧ್ಯಾಹ್ನ ಆ ದೂರದ ಯಂತ್ರ ಮೊದಲ ವರದಿಯನ್ನು ನಮ್ಮ ಕಂಪ್ಯೂಟರಿಗೆ ಕಳಿಸಿತು. ಹೆಸರು, ಹೊತ್ತು, ಏನು ಹುಡುಕಿದರು, ಎಷ್ಟು ನಿಮಿಷ ಕೂತರು, ಎಲ್ಲ ಪಟ್ಟಿಯಾಗಿ. ಓದುವ ಕೋಣೆ ತುಂಬಿತ್ತು. ನೀಲಗಂಗವ್ವ ಸಂಘದ ಕೆಲಸ ಮುಗಿಸಿ ಅಪರೂಪಕ್ಕೆ ಸಂಜೆಯೂ ಬಂದಿದ್ದಳು. ಆರು ಹೊಡೆಯಿತು. ಕಂಪ್ಯೂಟರು ಬಾಯಿ ತೆರೆಯಿತು.

ಮೊದಲು ಹಾಲಿನ ಡೇರಿಯವನ ದನಿ ಬಂತು, ಬೋಳುತಲೆಗೆ ಮದ್ದು, ಹನ್ನೆರಡು ನಿಮಿಷ. ಕೆಲವರು ನಕ್ಕರು. ಆಮೇಲೆ ಹೊಸದಾಗಿ ಮದುವೆಯಾದ ಹುಡುಗಿಯ ದನಿ ಬಂತು, ಗಂಡ ಹೊಡೆದರೆ ಎಲ್ಲಿ ದೂರು ಕೊಡಬೇಕು, ಐವತ್ತು ನಿಮಿಷ. ಯಾರೂ ನಗಲಿಲ್ಲ. ನಾನು ಓಡಿ ಹೋಗಿ ತಂತಿ ಕಿತ್ತೆ. ಅದು ನಿಲ್ಲಲಿಲ್ಲ. ಗೋಣಿಚೀಲ ಮುಚ್ಚಿದೆ. ದನಿಗಳು ಗೋಣಿಚೀಲದೊಳಗಿಂದಲೇ ಪೇಟೆಯವರೆಗೆ ಕೇಳಿಸಿದವು. ನಾಲ್ಕನೆಯದೋ ಐದನೆಯದೋ ನೀಲಗಂಗವ್ವನ ಗಂಭೀರ ದನಿ: "ನೀಲಗಂಗವ್ವ. ಅಕ್ಷರ ಕಲಿಯುವ ಪುಟ. ಅ ಆ ಇ ಈ. ಪ್ರತಿದಿನ ನಲವತ್ತು ನಿಮಿಷ." ಕೋಣೆಯಲ್ಲಿದ್ದವರೆಲ್ಲ ಅವಳ ಕಡೆ ತಿರುಗಿದರು. ಅವಳ ಮುಂದೆ ಪತ್ರಿಕೆ ಅಗಲವಾಗಿ ಬಿಚ್ಚಿಕೊಂಡಿತ್ತು. ಅವಳು ಅದನ್ನು ನಾಲ್ಕು ಮಡಿಕೆ ಮಾಡಿ, ಮೇಜಿನ ಮೇಲಿಟ್ಟು, ಸೆರಗು ಸರಿಪಡಿಸಿಕೊಂಡು, ಯಾರ ಮುಖವನ್ನೂ ನೋಡದೆ ಹೊರಗೆ ನಡೆದಳು.

ಮರುದಿನ ಗ್ರಂಥಾಲಯಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ. ಹೊಡೆಸಿಕೊಂಡ ಹುಡುಗಿಯನ್ನು ಅವಳ ತಾಯಿ ಬಂದು ತವರಿಗೆ ಕರೆದೊಯ್ದಳು. ಅಷ್ಟರಮಟ್ಟಿಗೆ ಒಳ್ಳೆಯದಾಯಿತೆಂದು ಯಾರೋ ಅಂದರು. ಆದರೆ ಹೊರಡುವ ಮುಂಚಿನ ಆ ಒಂದು ರಾತ್ರಿ ಅವಳು ಆ ಮನೆಯಲ್ಲಿ ಏನು ಅನುಭವಿಸಿದಳೋ. ವರದಿಯನ್ನು ಅಳಿಸಿಹಾಕಿ, ದಿಲಶಾದಳಿಂದ ದೂರದ ಯಂತ್ರದಲ್ಲಿದ್ದದ್ದನ್ನೂ ಅಳಿಸಿಹಾಕಿಸಿ, ನೀಲಗಂಗವ್ವನ ಮನೆಗೆ ಹೋದೆ. ಮಗ್ಗದ ಸದ್ದು ಓಣಿಗೆ ಕೇಳುತ್ತಿತ್ತು. ನನ್ನನ್ನು ಕಂಡೂ ಅವಳು ನಿಲ್ಲಿಸಲಿಲ್ಲ.

"ನೀಲಗಂಗಕ್ಕಾ, ತಪ್ಪಾತರಿ" ಎಂದೆ.

ಲಾಳಿ ನಾಲ್ಕು ಸಲ ಅತ್ತಿತ್ತ ಓಡಿತು. ಆಮೇಲೆ ಅವಳೇ ಮಗ್ಗ ನಿಲ್ಲಿಸಿದಳು. "ಮೂವತ್ತು ವರ್ಷ ಅಕ್ಕೋರ. ನನ್ನ ಗಂಡಗೂ ಗೊತ್ತಿರಲಿಲ್ಲ. ಸತ್ತ ಅವಾ, ಗೊತ್ತಿಲ್ದನ ಸತ್ತ."

"ಹೆಸರ ಒತ್ತೂಕಿಂತ ಮದಲ ನಿಮ್ಮನ್ನ ಕೇಳಿದ್ದೆ..." ಎಂದು ಶುರುಮಾಡಿ ನನಗೇ ನಾಚಿಕೆಯಾಗಿ ನಿಲ್ಲಿಸಿದೆ.

"ಒಳಗ ಹೋಗಾಕ ಹೆಸರ ಒತ್ತತೀನಿ ಅಂತ ಕೇಳಿದ್ರಿ. ಹೌದು ಅಂದೆ. ನಾ ಒಳಗ ಹೋಗಿ ಏನೇನ ಮಾಡತೀನಿ ಅಂತ ಬರದ ಇಟ್ಟಕೊಳ್ಳೂದಕ್ಕ ಕೇಳಿದ್ರೇನು?" ಎಂದಳು. ಮಗ್ಗದ ಮೇಲಿನ ಸೀರೆ ತೋರಿಸಿ ಮುಂದುವರಿಸಿದಳು: "ನಮ್ಮ ಸಂಘದಾಗ ಈ ತಿಂಗಳ ಎಷ್ಟ ಸೀರಿ ನೇದ್ವಿ, ಯಾವ ಬಣ್ಣದ್ದು ಹೆಚ್ಚ ಹೋತು, ಎಲ್ಲಾ ಎಣಸತೀವಿ. ಉಟ್ಟಾಕಿ ಯಾರು, ಉಟ್ಟಕೊಂಡ ಎಲ್ಲಿಗೆ ಹೋದ್ಲು ಅಂತ ಬೆನ್ನ ಹತ್ತಿ ಹೋಗೂದಿಲ್ಲ. ಹೋಗಬಾರದು." ಅಷ್ಟು ಹೇಳಿ ಮತ್ತೆ ಲಾಳಿ ಎಸೆದಳು. ನಾನು ಎದ್ದು ಬಂದೆ.

ದಿಲಶಾದ ನಮ್ಮೂರು ಬಿಟ್ಟು ಹೋಗಬಹುದಿತ್ತು, ಅವಳ ಕೆಲಸ ಮುಗಿದಿತ್ತು. ಹೋಗಲಿಲ್ಲ. "ನಾ ಕಟ್ಟಿದ್ದು ಮಂದಿ ಮಾನಾ ಕಳೀತು. ಅದನ್ನ ಹಿಂಗ ಬಿಟ್ಟ ಹ್ಯಾಂಗ ಹೋಗ್ಲಿ?" ಎಂದು ನನ್ನ ಮನೆಯಲ್ಲೇ ಉಳಿದಳು. ನಮ್ಮಲ್ಲಿ ಐದು ತಿಂಗಳಿತ್ತು. ಇನ್ನು ಮುಂದೆ ಏನು ಪ್ರಯತ್ನ ಮಾಡಿದರೂ ಮೊದಲು ನಮ್ಮ ಮೇಲೇ ಮಾಡಿಕೊಳ್ಳಬೇಕು, ಒಪ್ಪಿ ಬಂದವರ ಮೇಲೆ ಮಾತ್ರ, ಎಂದು ಇಬ್ಬರೂ ಮಾತಾಡಿಕೊಂಡೆವು.

ಮೊದಲು ಹೆಸರು ತೆಗೆದು ಎಲ್ಲರಿಗೂ ಒಂದೊಂದು ನಂಬರು ಕೊಟ್ಟೆವು. ನಾನು ಏಳು, ದಿಲಶಾದ ಒಂಬತ್ತು. ಗರಡಿಮನೆಯ ಉಸ್ತಾದರು "ನನಗೇನ ಹೆದರಿಕಿ? ಬರಕೋರಿ" ಎಂದು ತಾವಾಗಿ ಬಂದು ಹದಿನಾಲ್ಕು ಆದರು. ಎಂಟು ದಿನ ಆರು ಗಂಟೆಗೆ ಕಂಪ್ಯೂಟರು ಉಸಿರೆತ್ತಲಿಲ್ಲ. ನಾವು ಗೆದ್ದೆವೆಂದು ಪಾಯಸ ಮಾಡಿಕೊಂಡೆವು. ಆದರೆ ಉಸ್ತಾದರಿಗೆ ತಮ್ಮ ನಂಬರಿನ ಮೇಲೆ ಬಲು ಪ್ರೀತಿ. ಕಂಡವರಿಗೆಲ್ಲ ಹೇಳಿಕೊಂಡು ತಿರುಗಿದರು. ಶಿಷ್ಯರು ಅಖಾಡದಲ್ಲೇ "ಹದಿನಾಲ್ಕು ಬಂದ್ರು, ಏಳ್ರಿ" ಎನ್ನತೊಡಗಿದರು, ಅವರೂ ಓ ಎನ್ನತೊಡಗಿದರು. ಒಂಬತ್ತನೆಯ ದಿನ ಸಂಜೆ ಕಂಪ್ಯೂಟರಿನಿಂದ ಉಸ್ತಾದರ ಗಂಟಲು: "ಹದಿನಾಲ್ಕು. ಹಲ್ಲಿ ಕಂಡರೆ ಹೆದರಿಕೆ ಹೋಗಲು ಏನು ಮಾಡಬೇಕು." ಉಸ್ತಾದರು ದೊಡ್ಡ ಮನುಷ್ಯರು, ತಾವೇ ಎಲ್ಲರಿಗಿಂತ ಜೋರಾಗಿ ನಕ್ಕುಬಿಟ್ಟರು. ನಾವು ನಗಲಿಲ್ಲ. ಕರೆದರೆ ತಿರುಗಿ ನೋಡುವಂತಾದರೆ ನಂಬರೂ ಹೆಸರೇ.

ಆಮೇಲೆ ನಂಬರೂ ಬೇಡ, ಯಾವ ಓಣಿಯಿಂದ ಎಷ್ಟು ಮಂದಿ ಏನು ಹುಡುಕಿದರು ಅಷ್ಟೇ ಸಾಕು ಎಂದೆವು. ಪರೀಕ್ಷೆ ನಿಜವಾಗಬೇಕೆಂದರೆ ಹುಡುಕಾಟವೂ ನಿಜವಾಗಿರಬೇಕಲ್ಲ. ನಾನು ಯಾರಿಗೂ ಹೇಳದ ಒಂದು ವಿಷಯವನ್ನು ಹುಡುಕಿದೆ. ಸಂಜೆ ನನ್ನದೇ ದನಿ, ನಾನು ಎಂದೂ ಅಷ್ಟು ಗಟ್ಟಿಯಾಗಿ ಆಡಿದವಳಲ್ಲ, ಪೇಟೆಯವರೆಗೆ ಹೋಯಿತು: "ಬಾವಿ ಓಣಿ. ಒಬ್ಬರು. ಐವತ್ತು ದಾಟಿದ ಮೇಲೆ ಮದುವೆಯಾಗಬಹುದೇ." ಬಾವಿ ಓಣಿಯಲ್ಲಿ ಐವತ್ತು ದಾಟಿ ಮದುವೆಯಾಗದವಳು ನಾನೊಬ್ಬಳೇ. ದಿಲಶಾದ ಒಲೆಯ ಮುಂದೆ ಕೂತು ರೊಟ್ಟಿ ತಿರುವುತ್ತಿದ್ದಳು, ಬೇಕೆಂದೇ ತಲೆ ಎತ್ತಲಿಲ್ಲ. ಮರುದಿನ ತರಕಾರಿಯವಳು ಚಿಲ್ಲರೆ ಕೊಡುವಾಗ ನನ್ನ ಮುಖ ನೋಡಿ ಸಣ್ಣಗೆ ನಕ್ಕಳು. ಕೆಟ್ಟ ನಗುವಲ್ಲ. ಆದರೂ ನಾಲ್ಕು ದಿನ ಹೊರಗೆ ಹೋಗಲಾರದೆ ಮನೆಯಲ್ಲೇ ಉಳಿದೆ. ನೀಲಗಂಗವ್ವನ ಮುಂದೆ ಕೂತು ತಪ್ಪಾಯಿತೆಂದಾಗ ನನಗೆ ಅದರ ರುಚಿ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ಐದನೆಯ ದಿನ ದಿಲಶಾದ ನನ್ನೆದುರು ಒಂದು ಹಿಡಿ ಅಕ್ಕಿ, ಒಂದು ಕಡಲೆಕಾಳು ಇಟ್ಟಳು. "ಇದು ಹೆಸರಿಗೆ ಬಾಯಿ ಬಿಡೂದಲ್ರಿ ಅಕ್ಕೋರ. ಬರದದ್ದು ಯಾರಿಗೋ ಒಬ್ಬರಿಗೆ ಬೆರಳ ತೋರಸಿದ್ರ ಬಾಯಿ ಬಿಡತೈತಿ. ಅಕ್ಕಿಯಾಗ ಇದೊಂದ ಕಡಲಿ ಇದ್ರ ಯಾರಾರ ಗುರ್ತಾ ಹಿಡೀತಾರು. ಅಕ್ಕಿ ಅಕ್ಕಿಯಾಗ ಕೂಡಿದ್ರ?" ಅವತ್ತೇ ಕೂತು ಹೊಸ ಕಟ್ಟಳೆ ಮಾಡಿದೆವು. ಹೆಸರಿಲ್ಲ, ನಂಬರಿಲ್ಲ, ಓಣಿಯಿಲ್ಲ, ಹೊತ್ತಿಲ್ಲ. ಒಂದು ವಿಷಯವನ್ನು ಎಷ್ಟು ಮಂದಿ ನೋಡಿದರು ಎಂಬುದಷ್ಟೇ; ಒಬ್ಬರದು ಒಂದೇ ಸಲ, ಆಗಲೇ ಎಣಿಸಿದ್ದೆಂಬುದು ಅವರವರ ಫೋನಿಗೆ ಮಾತ್ರ ಗೊತ್ತು. ಐದಕ್ಕಿಂತ ಕಡಿಮೆಯಾದರೆ ಅದನ್ನೂ ಬರೆಯಬಾರದು, "ಇತರೆ" ಎಂಬ ದೊಡ್ಡ ರಾಶಿಯಲ್ಲಿ ಸುರಿದುಬಿಡಬೇಕು. ಎಣಿಸಿದ ಕೂಡಲೇ ಎಣಿಕೆಯ ಹಿಂದಿನ ಗುರುತೆಲ್ಲ ಅಳಿಸಬೇಕು, ದೀಪ ಹಚ್ಚುವುದರೊಳಗೆ. ಯಾರಿಗೆ ಎಣಿಕೆಯೇ ಬೇಡವೋ ಅವರು ಒಂದು ಗುಂಡಿ ಒತ್ತಿದರೆ ಲೆಕ್ಕಕ್ಕೇ ಬರುವುದಿಲ್ಲ.

ಇದನ್ನು ಗೋಡೆಗೆ ಅಂಟಿಸಿದರೆ ಸಾಲದು. ನಾನೂ ದಿಲಶಾದಳೂ ಮನೆಮನೆಗೆ ಹೋದೆವು. ಏನು ಎಣಿಸುತ್ತೇವೆ, ಏನು ಎಣಿಸುವುದಿಲ್ಲ, ಯಾಕೆ ಎಣಿಸುತ್ತೇವೆ, ಮೂರನ್ನೇ ಹೇಳಿದೆವು. ಕೆಲವರು ಬಾಗಿಲು ತೆಗೆಯಲಿಲ್ಲ. ಒಬ್ಬ ಮುದುಕ "ಮದಲ ಹಿಂಗ ಹೇಳಾಕ ಏನಾಗಿತ್ತು?" ಎಂದು ಬೈದು, ಬೈದ ಮೇಲೆ ಚಹಾ ಕೊಟ್ಟ. ನೀಲಗಂಗವ್ವ ನಿಂತೇ ಕೇಳಿಸಿಕೊಂಡು ಮಗ್ಗಕ್ಕೆ ಮರಳಿದಳು. ವಾರಕ್ಕೆ ನಾಲ್ಕು ಜನ ಬಂದರು, ಆಮೇಲೆ ಹದಿನೈದು. ದಿನಾ ಆರು ಗಂಟೆಗೆ ಹಳೆಯ ಭಯಕ್ಕೆ ಎಲ್ಲರೂ ಪುಸ್ತಕದಿಂದ ತಲೆ ಎತ್ತುತ್ತಿದ್ದರು, ಕಂಪ್ಯೂಟರು ಸುಮ್ಮನಿರುತ್ತಿತ್ತು, ಮತ್ತೆ ತಲೆ ತಗ್ಗುತ್ತಿತ್ತು. ಮೂರನೆಯ ತಿಂಗಳಿಗೆ ಕೆಲವರು ತಲೆ ಎತ್ತುವುದನ್ನೇ ಮರೆತರು. ಕಿಟಕಿಯ ಪಕ್ಕದ ಕುರ್ಚಿ ಮಾತ್ರ ಖಾಲಿ ಇತ್ತು.

ಗಡುವಿನ ದಿನ ಪ್ರಾಣೇಶರಾಯರು ಮಧ್ಯಾಹ್ನವೇ ಬಂದರು. ತೆಳ್ಳಗಿನ, ಅಚ್ಚುಕಟ್ಟಿನ ಮನುಷ್ಯ. ನನ್ನ ಒಂದೇ ಹಾಳೆಯ ವರದಿಯನ್ನು ಎರಡೂ ಕಡೆ ತಿರುಗಿಸಿ ನೋಡಿದರು. "ಇದರಲ್ಲಿ ಹೆಸರುಗಳೇ ಇಲ್ಲವಲ್ಲ?"

"ಇಲ್ರಿ ಸಾಹೇಬ್ರ. ಇರೂದೂ ಇಲ್ಲ."

"ಹೆಸರಿಲ್ಲದೆ ಈ ಅಂಕಿಗಳನ್ನು ನೀವೇ ಕೂತು ಬರೆದಿಲ್ಲ ಎಂದು ಹೇಗೆ ನಂಬಲಿ? ನಮೂನೆಯಲ್ಲಿ ಹೆಸರಿನ ಕಾಲಮ್ಮು ಇದೆ, ಅದನ್ನು ತುಂಬಲೇಬೇಕು."

"ಗ್ರಂಥಾಲಯ ಮುಚ್ಚತೀನಿ ಅಂದ್ರ ಮುಚ್ಚ್ರಿ. ಆ ಕಾಲಮ್ ನಾ ತುಂಬೂದಿಲ್ಲ" ಎಂದೆ. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಮೇಲಿನವರಿಗೆ ನಾನು ಇಲ್ಲ ಎಂದದ್ದು ಅದೇ ಮೊದಲು. ಒಂದು ಕುರ್ಚಿ ಎಳೆದು ಅವರ ಮುಂದಿಟ್ಟೆ. "ಆರು ಗಂಟೆತನಕ ಕೂಡ್ರಿ. ಆಮ್ಯಾಲ ನಿಮಗ ತಿಳದದ್ದು ಮಾಡ್ರಿ." ಅವರು ಹುಬ್ಬು ಗಂಟಿಕ್ಕಿ, ತಮ್ಮ ಫೈಲಿನಲ್ಲಿ ಏನೋ ಗೀಚಿ, ಚೀಲಕ್ಕೆ ಹಾಕಿಕೊಂಡು ಕೂತರು.

ಸುದ್ದಿ ಊರಿಗೆಲ್ಲ ಹಬ್ಬಿತ್ತು. ಐದೂವರೆಗೆ ಓದುವ ಕೋಣೆ ತುಂಬಿತು, ಆಮೇಲೆ ಪಡಸಾಲೆ, ಆಮೇಲೆ ಮೆಟ್ಟಿಲು. ಹಿಂದಿನ ಗೋಡೆಗೆ ಒರಗಿ, ಸೆರಗು ತಲೆಯ ಮೇಲೆ ಎಳೆದುಕೊಂಡು ನೀಲಗಂಗವ್ವ ನಿಂತಿದ್ದಳು. ಎಷ್ಟು ಹೊತ್ತಿಗೆ ಬಂದಳೋ ನಾನು ನೋಡಲಿಲ್ಲ. ನಾಲ್ಕು ತಿಂಗಳ ಎಣಿಕೆಯೆಲ್ಲ ಕಂಪ್ಯೂಟರಿನ ಪರದೆಯ ಮೇಲಿತ್ತು. ಅಷ್ಟು ಜನ ಎದುರಿಗೆ ನಿಂತಾಗ ಅದು ಯಾರಿಗಾದರೂ ಒಬ್ಬರಿಗೆ ಬೆರಳು ತೋರಿಸಿದರೂ ನನ್ನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಗಡಿಯಾರ ಆರು ಹೊಡೆಯಿತು. ಎದುರು ಮನೆಗಳಲ್ಲಿ ದೀಪ ಹೊತ್ತಿದವು. ಯಾರದೋ ತೋಳಿನ ಮಗು ಸೀನಿತು. ಕಂಪ್ಯೂಟರು ಪಿಟ್ಟೆನ್ನಲಿಲ್ಲ.

ಪಿಟ್ಟೆಂದದ್ದು ಪ್ರಾಣೇಶರಾಯರ ಚೀಲ. ಅದರೊಳಗಿಂದ ನನ್ನದೇ ದನಿ, ಸ್ವಚ್ಛವಾಗಿ, ಕಚೇರಿಯ ಕನ್ನಡದಲ್ಲಿ ಹೇಳಿತು: "ಗ್ರಂಥಪಾಲಕಿ ಕುಸುಮಾವತಿ. ಹಟಮಾರಿ. ಮೇಲಧಿಕಾರಿಗಳ ಮಾತು ಕೇಳುವುದಿಲ್ಲ. ದೂರದ ಊರಿಗೆ ವರ್ಗಾಯಿಸಬಹುದು."

ಮೆಟ್ಟಿಲ ಮೇಲಿಂದ ಉಸ್ತಾದರ ನಗು ಸಿಡಿಯಿತು. ಅದು ಪಡಸಾಲೆ ಹೊಕ್ಕಿತು, ಕೋಣೆ ಹೊಕ್ಕಿತು, ಕಪಾಟಿನ ಗಾಜೆಲ್ಲ ಗಲಗಲ ಎಂದಿತು. ರಾಯರು ಚೀಲವನ್ನು ಎದೆಗವಚಿಕೊಂಡು ಕೆಂಪಾಗಿ ಕೂತಿದ್ದರು. ಅವರ ಮೇಲೆ ನನಗೆ ಮರುಕವೇ ಬಂತು. ಹಾಗೆ ಕೂತವರು ಏನು ಅನುಭವಿಸುತ್ತಾರೆಂದು ನನಗೆ ಗೊತ್ತಿತ್ತು. ನೀರು ತಂದುಕೊಟ್ಟೆ. ಕುಡಿದರು. ಲೋಟ ಕೆಳಗಿಟ್ಟು, "ಬೇರೆಯವರ ವಿಷಯ ಬರೆದಿಡುವುದು ಇಷ್ಟು... ಇಪ್ಪತ್ತು ವರ್ಷ ಬರೆದಿದ್ದೇನೆ ನಾನು" ಎಂದರು. ಮತ್ತೆ ವರದಿಯನ್ನು ಕೈಗೆತ್ತಿಕೊಂಡರು. ಈ ಸಲ ಓದಿದರು. "ಕೃಷಿ, ಮುನ್ನೂರ ಹತ್ತು. ಹೆಣ್ಣುಮಕ್ಕಳ ಕಾನೂನು, ನಲವತ್ನಾಲ್ಕು. ಅಕ್ಷರ ಕಲಿಯುವ ಪುಟ..." ಎಂದು ತಡೆದು, ಕನ್ನಡಕ ಒರೆಸಿಕೊಂಡರು. "ಇದು ಸರಿಯೇ? ಅರವತ್ಮೂರು?"

"ಸರೀನ ಐತ್ರಿ" ಎಂದಳು ದಿಲಶಾದ. "ಅರವತ್ಮೂರ ಮಂದಿ. ಎಲ್ಲಾರೂ ದೊಡ್ಡವರು. ಸಣ್ಣ ಹುಡುಗರ ಪುಟ ಬ್ಯಾರೆ ಐತಿ."

ಕೋಣೆಯಲ್ಲಿ ನಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ. ಹೆಸರನ್ನೇ ಬರೆಯದ ಊರು. ಓದು ಬಾರದಿದ್ದರೆ ಬಚ್ಚಿಡುವುದು ಇಲ್ಲಿ ಎಷ್ಟು ಸುಲಭ ಎಂಬುದು ನನ್ನ ತಲೆಗೂ ಬಂದಿರಲಿಲ್ಲ. ಒಬ್ಬೊಬ್ಬರೂ ತಾನೊಬ್ಬನೇ, ತಾನೊಬ್ಬಳೇ ಎಂದು ಬಾಗಿಲು ಹಾಕಿಕೊಂಡು ಕೂತಿದ್ದವರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ. ಗೋಡೆಯ ಹತ್ತಿರದಿಂದ ನೀಲಗಂಗವ್ವ ಜನರನ್ನು ಸರಿಸಿಕೊಂಡು ಮುಂದೆ ಬಂದಳು.

"ಅರವತ್ಮೂರಾ?" ಎಂದಳು.

"ಹೌದ್ರಿ ನೀಲಗಂಗಕ್ಕ."

"ನಾ ಒಬ್ಬಾಕಿನ ಅಂತ ಮಾಡಿದ್ದೆ." ತಲೆಯ ಮೇಲಿನ ಸೆರಗು ಕೆಳಗಿಳಿಸಿದಳು. ಆಮೇಲೆ ಸಂಘದ ಸಭೆಯಲ್ಲಿ ಮಾತಾಡುವ ಆ ಗಟ್ಟಿ ದನಿಯಲ್ಲಿ, ರಾಯರನ್ನೇ ನೋಡುತ್ತ ಹೇಳಿದಳು: "ಸಾಹೇಬ್ರ, ಅರವತ್ಮೂರ ಮಂದಿ ಅಕ್ಷರ ಬೇಕು ಅಂತ ಕೇಳ್ಯಾರ. ಫೋನಿನಾಗಿನ ಪಾಠ ಸಾಲೂದಿಲ್ಲ, ಅದು ತಿದ್ದೂದಿಲ್ಲ. ದಿನಾ ಮುಂಜಾನೆ ಏಳಕ್ಕ ಇಲ್ಲಿ ಸಾಲಿ ನಡೀಲಿ. ಒಬ್ಬ ಮಾಸ್ತರನ್ನ ಕೊಡ್ರಿ, ಪಾಟಿ ಕೊಡ್ರಿ. ಬಂದವರ ಹೆಸರ ಕೇಳಬ್ಯಾಡ್ರಿ, ತಲಿ ಎಣಸ್ರಿ. ನನ್ನ ಹೆಸರ ಬೇಕಂದ್ರ ಬರಕೋರಿ. ಈಗ ನಾನ ಹೇಳಾಕತ್ತೀನಿ."

ರಾಯರು ಪೆನ್ನು ತೆಗೆದರು. ಒಂದು ಕ್ಷಣ ಅದನ್ನೇ ನೋಡಿ, ನಮೂನೆಯಲ್ಲಿದ್ದ ಹೆಸರಿನ ಕಾಲಮ್ಮಿಗೆ ಮೇಲಿನಿಂದ ಕೆಳಗಿನವರೆಗೆ ಒಂದು ಗೀಟು ಎಳೆದರು. ಪಕ್ಕದಲ್ಲಿ "ಅಗತ್ಯವಿಲ್ಲ" ಎಂದು ಬರೆದು ರುಜು ಹಾಕಿದರು. ಅವತ್ತು ಆ ಕೋಣೆಯಲ್ಲಿ ಎದ್ದ ಚಪ್ಪಾಳೆಯನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ. ಮೂರು ತಿಂಗಳಲ್ಲಿ ಜಿಲ್ಲೆಯ ಎಲ್ಲ ಗ್ರಂಥಾಲಯಗಳ ನಮೂನೆಯಿಂದ ಆ ಕಾಲಮ್ಮು ಹೋಯಿತು. ದಿಲಶಾದಳ ಕಟ್ಟಳೆಯನ್ನು ಕಲಿಯಲು ಹದಿನೆಂಟು ಊರಿನ ಗ್ರಂಥಪಾಲಕರು ನಮ್ಮಲ್ಲಿಗೆ ಬಂದರು. ಅವರಿಗೆಲ್ಲ ಅವಳು ಅಕ್ಕಿ, ಕಡಲೆ ಇಟ್ಟೇ ಹೇಳಿಕೊಟ್ಟಳು.

ಸಾಲಿಯ ಮೊದಲ ಮುಂಜಾನೆ ಎಷ್ಟು ಮಂದಿ ಬಂದಾರೆಂದು ನಾನು ಇಪ್ಪತ್ತು ಪಾಟಿ ಜೋಡಿಸಿಟ್ಟಿದ್ದೆ. ಎಪ್ಪತ್ತೊಂದು ತಲೆ ಬಂದವು. ಫೋನನ್ನೂ ಮುಟ್ಟಲು ಹೆದರಿದ ಎಂಟು ಮಂದಿ ಇನ್ನೂ ಇದ್ದರೆಂದಾಯಿತು. ಡೇರಿಯವನು, ತರಕಾರಿಯವಳು, ನಾನು ಎಂದೂ ಊಹಿಸದ ಒಬ್ಬ ನಿವೃತ್ತ ಕಂಡಕ್ಟರು. ಜಾಗ ಸಾಲದೆ ಮೆಟ್ಟಿಲ ಮೇಲೆ, ಆಮೇಲೆ ಹೊರಗಿನ ಕಟ್ಟೆಯ ಮೇಲೆ ಕೂತರು. ಅಷ್ಟು ದೊಡ್ಡ ದೊಡ್ಡ ಗಂಟಲುಗಳು ಒಟ್ಟಿಗೆ "ಅ" ಎಂದಾಗ ಕಾಗೆಗಳು ಮರ ಬಿಟ್ಟು ಹಾರಿದವು.

ಏಳು ತಿಂಗಳಾದ ಮೇಲೆ ಒಂದು ಬೆಳಿಗ್ಗೆ, ಸಾಲಿಯ ಗಲಾಟೆ ತಡೆಯಲಾರದೆ ನಾನು ಒಂದು ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ "ನಿಶಬ್ದವಾಗಿರಿ" ಎಂದು ಬರೆದು ಬಾಗಿಲಿಗೆ ತೂಗುಹಾಕಿದೆ. ನೀಲಗಂಗವ್ವ ಒಳಗೆ ಬರುತ್ತಿದ್ದವಳು ಅದರ ಮುಂದೆ ನಿಂತಳು. ತುಟಿ ಅಲ್ಲಾಡಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದಿದಳು, ಮತ್ತೆ ಓದಿದಳು. ಆಮೇಲೆ ಕತ್ತು ಹೊರಳಿಸಿ, ಎಪ್ಪತ್ತು ಮಂದಿಗೂ ಕೇಳುವಂತೆ ಕರೆದಳು.

"ಅಕ್ಕೋರ, ಇಲ್ಲಿ ಶಾಕ್ಕ ಇನ್ನೊಂದ ಶಾ ಒತ್ತ ಬರಬೇಕಲ್ರಿ?"

ನಾನು ಎದ್ದು ಹೋಗಿ ನೋಡಿದೆ. ಬರಬೇಕಿತ್ತು. ಇಡೀ ಸಾಲಿ ಬಾಗಿಲ ಕಡೆ ತಿರುಗಿ ಕೂತಿತ್ತು. ನೀಲಗಂಗವ್ವ ಮೇಜಿನ ಮೇಲಿದ್ದ ಮಸಿಯ ಪೆನ್ನನ್ನು ತಾನೇ ಎತ್ತಿಕೊಂಡಳು, ನನ್ನ ಕೈಗೆ ಕೊಡಲಿಲ್ಲ, ರಟ್ಟನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು ಒತ್ತಕ್ಷರವನ್ನು ನಿಧಾನವಾಗಿ, ದಪ್ಪವಾಗಿ, ತಾನೇ ಬರೆದಳು.